ಸಮುದ್ರಕ್ಕೆ ಎರಡು ಟಿಕೆಟ್

ಜನವರಿ 9

ಜೋಡಿಯವರಿಗೆ ನಮಸ್ಕಾರ.

ಈ ಹೆಸರು ಹಿಡಿದು ನಿಮ್ಮನ್ನು ಈಗ ಯಾರೂ ಕರೆಯುತ್ತಿರಲಿಕ್ಕಿಲ್ಲ. ನಮ್ಮವರು ಇಟ್ಟ ಹೆಸರು. ಸಮುದ್ರದೊಳಗೆ ಇಳಿಯುವವರು ಇಬ್ಬಿಬ್ಬರಾಗಿಯೇ ಇಳಿಯಬೇಕು, ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಬೇಕು, ಇವನು ನನ್ನ ಜೋಡಿ ಅಂತ ಹೇಳಿ ನಿಮ್ಮನ್ನು ಮೊದಲ ಸಲ ಮನೆಗೆ ಕರೆತಂದಿದ್ದರು. "ಹಾಗಾದ್ರೆ ನಾನ್ಯಾರು?" ಅಂತ ಕೇಳಿದ್ದಕ್ಕೆ "ನೀನು ನೆಲದ ಮೇಲಿನವಳು" ಅಂದರು. ಆವತ್ತು ನೀವು ನಕ್ಕು ನಕ್ಕು ಚಹಾ ಚೆಲ್ಲಿಕೊಂಡಿದ್ದಿರಿ.

ಹನ್ನೊಂದು ಸಲ ಫೋನ್ ಮಾಡಿದೆ. ಆ ನಂಬರು ಈಗ ಯಾವುದೋ ಹೂವಿನ ಅಂಗಡಿಯದು. ಅಂಗಡಿಯಾಕೆಗೆ ನನ್ನ ದನಿ ಗುರುತಾಗಿ, ಕೊನೆಕೊನೆಗೆ "ಇನ್ನೂ ಸಿಕ್ಕಿಲ್ವಾ ನಿಮ್ಮವರು?" ಅಂತ ತಾನೇ ವಿಚಾರಿಸತೊಡಗಿದಳು. ಹಾಗಾಗಿ ನಿಮ್ಮ ಲಿಫ್ಟ್ ಕಂಪನಿಯ ಕಚೇರಿಗೇ ಹೋಗಿ ವಿಳಾಸ ತಂದೆ. ನೀವು ಬೇರೆ ಊರಿನ ಶಾಖೆಗೆ ಕೇಳಿ ವರ್ಗ ಮಾಡಿಸಿಕೊಂಡಿರಂತೆ. ನನಗೆ ಒಂದು ಮಾತು ಹೇಳಬಹುದಿತ್ತು.

ವಿಷಯಕ್ಕೆ ಬರುತ್ತೇನೆ. ನಾನು ಸ್ಕೂಬಾ ಡೈವಿಂಗ್ ಕಲಿತಿದ್ದೇನೆ. ನಗಬೇಡಿ. ನಲವತ್ತಾರನೆಯ ವಯಸ್ಸಿನಲ್ಲಿ, ನನ್ನ ಸೊಂಟದಷ್ಟೆತ್ತರದ ಮಕ್ಕಳ ನಡುವೆ ಈಜುಕೊಳದ ಕಂಬಿ ಹಿಡಿದು ಕಾಲು ಬಡಿದಿದ್ದೇನೆ. ಮೊದಲ ತಿಂಗಳು ಕುಡಿದಷ್ಟು ಕೊಳದ ನೀರನ್ನು ಜನ್ಮದಲ್ಲಿ ಕುಡಿದಿರಲಿಲ್ಲ. ಆಮೇಲೆ ಸಿಲಿಂಡರ್ ಹೊತ್ತು ಇಳಿಯುವುದು, ಮೂಗು ಹಿಡಿದು ಊದಿ ಕಟ್ಟಿದ ಕಿವಿ ಬಿಡಿಸಿಕೊಳ್ಳುವುದು, ಮಾಸ್ಕಿನೊಳಗೆ ನುಗ್ಗಿದ ನೀರು ಹೊರಹಾಕುವುದು ಎಲ್ಲ ಆಯಿತು. ಕನ್ನಡಕದ ಅಂಗಡಿಯಲ್ಲಿ ಹಗಲೆಲ್ಲ ಗಾಜು ಉಜ್ಜಿ, ಸಂಜೆ ಕೊಳಕ್ಕೆ ಹೋಗಿ, ಕೂದಲು ಒಣಗುವ ಮೊದಲೇ ಬಸ್ಸು ಹತ್ತಿ ಮನೆಗೆ ಬರುತ್ತೇನೆ. ಮನೆಯಲ್ಲಿ ಕಾಯುವವರು ಯಾರೂ ಇಲ್ಲದ್ದರಿಂದ ಇದಕ್ಕೆಲ್ಲ ಹೊತ್ತು ಸಿಕ್ಕಿತು.

ಏಪ್ರಿಲ್ ತಿಂಗಳಲ್ಲಿ ಅದೇ ಸಮುದ್ರಕ್ಕೆ ಹೋಗಿ, ಅವರು ಇಳಿದ ಜಾಗದಲ್ಲೇ ಇಳಿಯಬೇಕು. ನಿಮ್ಮ ಆ ಕೊನೆಯ ಪ್ರಯಾಣದಲ್ಲಿ ಮೊದಲಿಂದಲೂ ಎಲ್ಲ ಕೆಟ್ಟಿತ್ತು ಅಂತ ಗೊತ್ತು. ರೈಲು ತಪ್ಪಿತು, ಬ್ಯಾಗು ಬರಲಿಲ್ಲ, ಇನ್ನೂ ಏನೇನೋ. ನನಗೆ ಹಾಗಾಗದಂತೆ ಏನೇನು ಮಾಡಿಕೊಳ್ಳಬೇಕು ಅಂತ ವಿವರವಾಗಿ ಬರೆಯಿರಿ. ರಜೆ ಎಂಟೇ ದಿನ. ಒಂದು ದಿನವೂ ಹಾಳಾಗಬಾರದು.

ಇನ್ನೊಂದು ಪ್ರಶ್ನೆ. ನಿಜ ಹೇಳಬೇಕೆಂದರೆ ಇದೊಂದೇ ಪ್ರಶ್ನೆ. ನಮ್ಮವರು ಕೆಳಗೆ ಉಳಿದದ್ದು ತಾವಾಗಿಯೇ? ಅಲ್ಲಿ ಜೊತೆಗಿದ್ದವರು ನೀವೊಬ್ಬರು. ನಿಮ್ಮನ್ನಲ್ಲದೆ ಇನ್ಯಾರನ್ನು ಕೇಳಲಿ?

ಇಂತಿ,
ನಿಮ್ಮ ಅತ್ತಿಗೆ


ಜನವರಿ 30

ಅತ್ತಿಗೆಯವರಿಗೆ ನಮಸ್ಕಾರಗಳು.

ಪತ್ರ ತಲುಪಿತು. ತಡವಾಗಿದ್ದಕ್ಕೆ ಕ್ಷಮೆ ಇರಲಿ. ನೀವು ಈಜು ಕಲಿತದ್ದು ಓದಿ ಸಂತೋಷವಾಯಿತು. ಪ್ರಯಾಣದ ಬಗ್ಗೆ ಕೇಳಿದ್ದೀರಿ. ತಿಳಿದಷ್ಟು ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು, ಡೈವ್ ಇರುವ ದಿನವೇ ಊರು ತಲುಪುವ ಹಾಗೆ ಟಿಕೆಟ್ ಮಾಡಿಸಬೇಡಿ. ಒಂದು ಪೂರ್ತಿ ದಿನ ಮೊದಲೇ ತಲುಪಿ. ಒಂದು ಗಾಡಿಯಿಂದ ಇಳಿದು ಇನ್ನೊಂದನ್ನು ಹಿಡಿಯಬೇಕಾದ ಕಡೆ ಕನಿಷ್ಠ ನಾಲ್ಕು ಗಂಟೆ ಬಿಡಿ. ಕಾಯುವುದು ಬೇಸರ, ಆದರೆ ಅದರಿಂದ ಯಾರಿಗೂ ಏನೂ ಆಗುವುದಿಲ್ಲ.

ಮಾಸ್ಕು, ಸರ್ಟಿಫಿಕೇಟು, ಒಂದು ಜೊತೆ ಬಟ್ಟೆ, ಔಷಧಿ ಇವು ಕೈಚೀಲದಲ್ಲೇ ಇರಲಿ. ದೊಡ್ಡ ಬ್ಯಾಗು ಬರದೆ ಹೋದರೂ ನೀವು ನೀರಿಗಿಳಿಯಬಹುದು. ಬಾಕಿ ಸಲಕರಣೆ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಹೊತ್ತುಕೊಂಡು ಹೋದರೆ ವಿಮಾನದಲ್ಲಿ ತೂಕದ ತಕರಾರು. ಬಾಡಿಗೆಯದನ್ನು ಹಿಂದಿನ ದಿನವೇ ಹೋಗಿ ತೊಟ್ಟು ನೋಡಿ, ನಿಮ್ಮ ಅಳತೆಯದನ್ನು ಬೇರೆ ಇಡಿಸಿ. ಡಾಕ್ಟರ ಸಹಿ ಬೇಕಾದ ಕಾಗದವೊಂದು ಇರುತ್ತದೆ, ಅದನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ಅಲ್ಲಿ ಹೋಗಿ ಡಾಕ್ಟರನ್ನು ಹುಡುಕುತ್ತ ಒಂದು ದಿನ ಕಳೆಯುವವರನ್ನು ನೋಡಿದ್ದೇನೆ. ನೆಗಡಿ ಇದ್ದರೆ ಇಳಿಯಲೇಬೇಡಿ. ಮಾತ್ರೆ ನುಂಗಿ ಮೂಗು ಬಿಡಿಸಿಕೊಂಡು ಇಳಿಯುವವರ ಮಾತು ಕೇಳಬೇಡಿ. ದೋಣಿಯಲ್ಲಿ ವಾಂತಿಯಾಗದಂತೆ ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಿ; ತಲೆ ಸುತ್ತತೊಡಗಿದ ಮೇಲೆ ಪ್ರಯೋಜನವಿಲ್ಲ.

ಕೊನೆಯ ಡೈವ್ ಆದ ಮೇಲೆ ಇಪ್ಪತ್ತನಾಲ್ಕು ಗಂಟೆ ವಿಮಾನ ಹತ್ತುವ ಹಾಗಿಲ್ಲ. ಇದು ಗೊತ್ತಿದ್ದೂ ಜನ ಕೊನೆಯ ದಿನದವರೆಗೆ ಡೈವ್ ಇಟ್ಟುಕೊಂಡು ಆಮೇಲೆ ಒದ್ದಾಡುತ್ತಾರೆ. ಹವೆ ಕೆಟ್ಟರೆ ದೋಣಿ ಬಿಡುವುದಿಲ್ಲ, ಅದಕ್ಕೂ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಎಂಟು ದಿನದ ರಜೆಯಲ್ಲಿ ಮೂರು ದಿನ ಡೈವಿಗೆ ಸಿಕ್ಕರೆ ಸಾಕು ಅಂದುಕೊಳ್ಳಿ.

ಅವಸರ ಒಂದು ಮಾಡಬೇಡಿ. ದೋಣಿಯವನು ಎಂಜಿನ್ ಚಾಲೂ ಮಾಡಿ ಕೂಗಿದರೂ ಅವಸರ ಮಾಡಬೇಡಿ.

ನಿಮ್ಮ ಇನ್ನೊಂದು ಪ್ರಶ್ನೆಗೆ ಅಧಿಕಾರಿಗಳ ವರದಿಯಲ್ಲಿ ಇರುವುದಕ್ಕಿಂತ ಹೆಚ್ಚಿಗೆ ನಾನು ಹೇಳಬಲ್ಲದ್ದು ಇಲ್ಲ.

ಇಂತಿ,
ಜೋಡಿ


ಫೆಬ್ರವರಿ 11

ಜೋಡಿಯವರೇ,

ನಿಮ್ಮ ಪತ್ರವನ್ನು ಅಂಗಡಿಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಓದಿದೆ. ಬಲು ಉಪಯುಕ್ತ. ಅಚ್ಚು ಹಾಕಿಸಿ ಹಂಚಬಹುದು. ನೀವು ಹೇಳಿದ ಪ್ರಕಾರವೇ ಟಿಕೆಟ್ಟಿನ ದಿನ ಬದಲಾಯಿಸಿದೆ, ಡಾಕ್ಟರ ಹತ್ತಿರವೂ ಹೋಗಿಬಂದೆ. ಅವರು ನನ್ನ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿ, "ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮಾ?" ಅಂದರು. "ಕೆಳಗೆ ಒಬ್ಬರನ್ನ ಒಂದು ಮಾತು ಕೇಳೋದಿದೆ" ಅಂದೆ. ಸಹಿ ಹಾಕಿದರು.

ವರದಿ ನೋಡಿ ಅಂದಿರಿ. ಆ ವರದಿ ನನಗೆ ಬಾಯಿಪಾಠ ಬರುತ್ತದೆ. ಸಿಲಿಂಡರಿನಲ್ಲಿ ಗಾಳಿ ಅರ್ಧಕ್ಕಿಂತ ಹೆಚ್ಚಿತ್ತು. ಸಲಕರಣೆಯಲ್ಲಿ ದೋಷ ಕಂಡುಬಂದಿಲ್ಲ. ಹೃದಯ ಚೆನ್ನಾಗಿತ್ತು. ಉಸಿರಾಟದ ನಳಿಕೆ ಬಾಯಿಂದ ಹೊರಗಿತ್ತು, ಅದನ್ನು ವ್ಯಕ್ತಿಯೇ ತೆಗೆದಿರುವಂತೆ ಕಾಣುತ್ತದೆ. ಕಾರಣ ತಿಳಿದುಬಂದಿಲ್ಲ. ಇಷ್ಟೇ. ಬೆನ್ನ ಮೇಲೆ ಅಷ್ಟು ಗಾಳಿ ಇಟ್ಟುಕೊಂಡು, ಬಾಯೊಳಗಿದ್ದ ನಳಿಕೆಯನ್ನು ಮನುಷ್ಯ ತಾನೇ ಯಾಕೆ ತೆಗೆಯುತ್ತಾನೆ? ವರದಿ ಬರೆದವರು ಕಾರಣ ತಿಳಿಯದು ಅಂತ ಬರೆದು ಕೈತೊಳೆದುಕೊಂಡರು. ನನಗೆ ಕಾರಣ ಗೊತ್ತಿತ್ತು.

ನಿಮಗೆ ಇದನ್ನು ಹೇಳಿಲ್ಲ. ಆವತ್ತು ಬೆಳಿಗ್ಗೆ ದೋಣಿ ಹತ್ತುವ ಮೊದಲು ಅವರು ಫೋನ್ ಮಾಡಿದ್ದರು. ನಾವು ಮನೆ ಖಾಲಿ ಮಾಡಬೇಕಿತ್ತು. ನಾಲ್ಕು ದಿನದ ಗಡುವು. ನಾನೂ ಮಗಳೂ ಸೇರಿ ಮೂವತ್ತು ಪೆಟ್ಟಿಗೆ ಕಟ್ಟಿದ್ದೆವು. ಈ ಮಹಾರಾಯರು ವರ್ಷದ ರಜೆ ಅಂತ ಸಮುದ್ರಕ್ಕೆ ಹೋಗಿ ಕೂತಿದ್ದರು. ನನಗೆ ರೇಗಿತು. "ಅಲ್ಲೇ ಇದ್ಬಿಡಿ. ಇಲ್ಲಿಗೆ ಬರೋದೇ ಬೇಡ. ನೀವಿಲ್ದೇನೇ ನಮಗೆ ಆರಾಮು" ಅಂದೆ. ಇನ್ನೂ ಒಂದೆರಡು ಮಾತು ಅಂದೆ, ಅವನ್ನು ಬರೆಯಲು ಕೈ ಬರುವುದಿಲ್ಲ. ಮಗಳು ಅಲ್ಲೇ ಕೂತು ತನ್ನ ಪುಸ್ತಕಗಳಿಗೆ ಹಗ್ಗ ಬಿಗಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು. ಮಧ್ಯಾಹ್ನ ನಿಮ್ಮ ಫೋನ್ ಬಂತು.

ಸಾವಾದದ್ದರಿಂದ ಮನೆ ಮಾಲೀಕರು ಗಡುವು ಮುಂದೆ ಹಾಕಿದ್ದರು. ಹದಿನಾಲ್ಕನೆಯ ದಿನ ಅವಳು ತನ್ನ ಪೆಟ್ಟಿಗೆಗಳನ್ನು ಮಾತ್ರ ಎತ್ತಿಕೊಂಡು ಅವಳ ಅತ್ತೆಯ ಮನೆಗೆ ಹೋದಳು, ಅವರ ತಂಗಿಯ ಮನೆಗೆ. ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ನೀನು ಹೇಳಿದ ಹಾಗೇ ಮಾಡಿದ್ರು ಅಪ್ಪ." ಆಗ ಹದಿನಾರು, ಈಗ ಹತ್ತೊಂಬತ್ತು. ನಾನು ಹೋದರೆ ಒಳಕೋಣೆ ಸೇರಿಬಿಡುತ್ತಾಳೆ. ಹುಟ್ಟುಹಬ್ಬಕ್ಕೆ ಕಳಿಸಿದ ಬಟ್ಟೆ ಹಾಗೇ ವಾಪಸು ಬರುತ್ತದೆ, ಕಟ್ಟು ಬಿಚ್ಚದೆ. ನನ್ನ ನಾದಿನಿ ಒಳ್ಳೆಯವಳು, "ಸ್ವಲ್ಪ ದಿನ ಬಿಡಿ ಅತ್ತಿಗೆ" ಅನ್ನುತ್ತಾಳೆ. ಮೂರು ವರ್ಷದಿಂದ ಅನ್ನುತ್ತಿದ್ದಾಳೆ.

ಈಗ ತಿಳಿಯಿತೇ ಯಾಕೆ ಕೇಳಿದೆ ಅಂತ? ನಾನೇ ಕೊಂದದ್ದು ಅಂತಾದರೆ ಅದನ್ನಾದರೂ ಯಾರಾದರೂ ನನ್ನ ಮುಖಕ್ಕೆ ಹೇಳಲಿ. ಹೇಳಬಲ್ಲವರು ನೀವೊಬ್ಬರೇ ಇರುವುದು.

ಎರಡು ಟಿಕೆಟ್ ಮಾಡಿಸಿದ್ದೇನೆ. ಒಂದು ನಿಮ್ಮ ಹೆಸರಿನಲ್ಲಿ. ಆ ಜಾಗ ತೋರಿಸಲು ನೀವು ಬೇಕು. ಏಪ್ರಿಲ್ 17.

ನಿಮ್ಮ ಅತ್ತಿಗೆ


ಮಾರ್ಚ್ 14

ಅತ್ತಿಗೆ,

ನನಗೆ ಬರಲಾಗುವುದಿಲ್ಲ. ಕಿವಿಯ ತೊಂದರೆ ಇದೆ. ರಜೆಯೂ ಇಲ್ಲ. ಟಿಕೆಟ್ ರದ್ದು ಮಾಡಿಸಿ.

ಆ ಡೈವಿಂಗ್ ಕೇಂದ್ರದವರು ಪರಿಣತರನ್ನು ಜೊತೆಗೆ ಕೊಡುತ್ತಾರೆ. ಮೊದಲೇ ಬರೆದು ಗೊತ್ತುಮಾಡಿಕೊಳ್ಳಿ. ಬಾಯಿಮಾತಿನಲ್ಲಿ ಬಿಡಬೇಡಿ, ಹೋದ ಮೇಲೆ ಆರು ಜನಕ್ಕೆ ಒಬ್ಬರನ್ನು ಗಂಟುಹಾಕುತ್ತಾರೆ. ಗುಂಪು ಚಿಕ್ಕದಿರಲಿ. ಉಳಿಯುವ ಕೋಣೆ ದೋಣಿಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರವಿರಲಿ, ಬೆಳಿಗ್ಗೆ ಗಾಡಿಗಾಗಿ ಕಾಯುವುದು ತಪ್ಪುತ್ತದೆ. ನಾವು ದೂರದಲ್ಲಿ ಇಳಿದುಕೊಂಡಿದ್ದೆವು.

ನಾನು ಈಗ ಲಿಫ್ಟುಗಳ ತಪಾಸಣೆಗೆ ಹೋಗುವುದಿಲ್ಲ. ಬಿಡಿಭಾಗಗಳ ಗೋದಾಮಿನಲ್ಲಿದ್ದೇನೆ. ಲಿಫ್ಟಿನೊಳಗೆ ಒಂದು ಕಾರ್ಡು ತೂಗುಹಾಕಿರುತ್ತದಲ್ಲ, ಪರೀಕ್ಷಿಸಲಾಗಿದೆ ಅಂತ, ಅದರ ಮೇಲೆ ಸಹಿ ಹಾಕುವುದು ನನ್ನಿಂದ ಆಗದೆ ಹೋಯಿತು. ಕೇಳಿ ಬಿಡಿಸಿಕೊಂಡೆ. ಇಲ್ಲಿ ನಟ್ಟು, ಬೋಲ್ಟು, ರಬ್ಬರ್ ಬಳೆಗಳು. ಸುಮ್ಮನೆ ಎಣಿಸುತ್ತೇನೆ.

ಅಣ್ಣ ಬೇಕೆಂದು ಏನೂ ಮಾಡಿದವರಲ್ಲ ಅಂತ ನನ್ನ ಅನಿಸಿಕೆ.

ಜೋಡಿ


ಮಾರ್ಚ್ 25

ಜೋಡಿಯವರೇ,

ನಿಮ್ಮ ಅನಿಸಿಕೆ ತಲುಪಿತು. ನನ್ನ ಮಗಳ ಮುಂದೆ ಹೋಗಿ ನಿಂತು ನಿಮ್ಮ ಅನಿಸಿಕೆಯನ್ನು ಹೇಳಲೇ? ಅನಿಸಿಕೆಗಳು ನನ್ನ ಹತ್ತಿರವೂ ಬೇಕಾದಷ್ಟಿವೆ.

ಟಿಕೆಟ್ ರದ್ದು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಬಂದರೆ ಬನ್ನಿ, ಬರದಿದ್ದರೆ ಆ ಸೀಟಿನ ಮೇಲೆ ನನ್ನ ಕೈಚೀಲ ಕೂರುತ್ತದೆ. ಕಿವಿ ನೋವಿದ್ದರೆ ದೋಣಿಯಲ್ಲೇ ಕೂತಿರಿ. ಕೋಣೆಯನ್ನು ದೋಣಿಕಟ್ಟೆಯ ಹಿಂದಿನ ಬೀದಿಗೇ ಬದಲಾಯಿಸಿದ್ದೇನೆ, ನಿಮ್ಮ ಸಲಹೆಯಂತೆ.

ಮಾಸ್ಕಿಗೆ ನನ್ನ ನಂಬರಿನ ಗಾಜು ನಾನೇ ಉಜ್ಜಿ ಕೂರಿಸಿದೆ. ಅವರ ಮಾಸ್ಕಿಗೂ ಮಾಡಿಕೊಟ್ಟಿದ್ದವಳು ನಾನೇ ಅಲ್ಲವೇ. ಮೈನಸ್ ನಾಲ್ಕೂವರೆ. ಕನ್ನಡಕ ತೆಗೆದರೆ ಎದುರಿಗಿದ್ದವರು ಹೆಂಡತಿಯೋ ಕಪಾಟೋ ತಿಳಿಯದ ಮನುಷ್ಯನಿಗೆ ಮೀನುಗಳನ್ನು ನೋಡುವ ಹುಚ್ಚು. ನಮ್ಮ ಯಜಮಾನರು, ಅಂದರೆ ಅಂಗಡಿಯ ಯಜಮಾನರು, "ಅದೃಷ್ಟವಂತೆ ಕಣಮ್ಮ, ಸಮುದ್ರ ನೋಡಿಬರ್ತೀಯ" ಅಂದರು. ಅವರಿಗೆ ಯಾಕೆ ಹೋಗುತ್ತಿದ್ದೇನೆ ಅಂತ ಹೇಳಿಲ್ಲ.

ಮೊನ್ನೆ ಕೊಳದಲ್ಲಿ ಕೊನೆಯ ಪಾಠ. ಇಳಿಯುವ ಮೊದಲು ಜೊತೆಯವರ ಸಲಕರಣೆಯನ್ನು ನಾವು, ನಮ್ಮದನ್ನು ಅವರು ನೋಡಬೇಕು ಅಂತ ತರಬೇತಿ ಕೊಡುವವರು ಮೂರು ಸಲ ಮಾಡಿಸಿದರು. ಅದರಲ್ಲಿ ಒಂದು ನನಗೆ ಹೊಸದಾಗಿತ್ತು. ಒತ್ತಡ ತೋರಿಸುವ ಮುಳ್ಳನ್ನು ನೋಡುತ್ತಲೇ ನಾಲ್ಕು ಸಲ ಜೋರಾಗಿ ಉಸಿರೆಳೆಯಬೇಕಂತೆ. "ಮುಳ್ಳು ನಿಂತಲ್ಲೇ ನಿಂತಿದ್ರೆ ಸರಿ. ಎಳೆದಾಗೆಲ್ಲ ಕೆಳಗೆ ಬಿದ್ದು ಮೇಲೆ ಎದ್ರೆ ಸಿಲಿಂಡರ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ಮೇಲೆ ಗಾಳಿ ಬರುತ್ತೆ, ಆಳಕ್ಕೆ ಹೋದ್ಮೇಲೆ ಸಾಲಲ್ಲ" ಅಂದರು. ನೀವಿಬ್ಬರೂ ಇದನ್ನೆಲ್ಲ ಮಾಡುತ್ತಿದ್ದಿರಾ? ಹದಿನೈದು ವರ್ಷ ಜೊತೆಗೆ ಇಳಿದವರು, ನಿಮಗೆ ಕಣ್ಣುಮುಚ್ಚಿಕೊಂಡು ಬರುತ್ತಿತ್ತೇನೋ. ನನ್ನದನ್ನು ನೀವೇ ನೋಡಿಕೊಟ್ಟರೆ ನನಗೆ ಧೈರ್ಯ. ಬೇರೆ ಯಾರ ಕೈಯನ್ನೂ ನಂಬಲಾರೆ.

17ರ ಬೆಳಿಗ್ಗೆ ಏಳಕ್ಕೆ ನಿಲ್ದಾಣದಲ್ಲಿ ಇರುತ್ತೇನೆ.

ನಿಮ್ಮ ಅತ್ತಿಗೆ


ಏಪ್ರಿಲ್ 4

ಅತ್ತಿಗೆ,

ನನ್ನ ಕೈಯನ್ನು ನಂಬುತ್ತೇನೆ ಅಂತ ಬರೆದಿರಿ. ಇನ್ನು ಮುಚ್ಚಿಡಲಾರೆ. ಪೂರ್ತಿ ಓದಿ.

ನಾವು ರೈಲು ತಪ್ಪಿಸಿಕೊಂಡು ಒಂದು ದಿನ ತಡವಾಗಿ ತಲುಪಿದೆವು. ಅಣ್ಣನ ಬ್ಯಾಗು ಬರಲು ಇನ್ನೊಂದು ದಿನ ಹಿಡಿಯಿತು. ಮೂರು ದಿನಕ್ಕೆ ಅಂದುಕೊಂಡದ್ದು ಒಂದು ಬೆಳಗಿನ ಪಾಲಾಯಿತು. ಕೋಣೆ ದೂರ, ಗಾಡಿ ಸಿಗಲಿಲ್ಲ, ಓಡಿಕೊಂಡೇ ದೋಣಿಕಟ್ಟೆಗೆ ಬಂದೆವು. ಜಾಗಕ್ಕೆ ಹೋಗುವಷ್ಟರಲ್ಲಿ ದೋಣಿಯವನು "ಗಾಳಿ ಏಳ್ತಾ ಇದೆ, ಬೇಗ ಇಳೀರಿ" ಅಂತ ಕೂಗುತ್ತಿದ್ದ.

ನೀವು ಹೇಳಿದ ಆ ಪರೀಕ್ಷೆಯನ್ನು ನಾವು ವರ್ಷಗಳ ಹಿಂದೆಯೇ ಬಿಟ್ಟಿದ್ದೆವು. ಅದರ ಬದಲು ಒಬ್ಬರ ಸಿಲಿಂಡರಿಗೆ ಇನ್ನೊಬ್ಬರು ಬೆರಳಿಂದ ಎರಡು ಸಲ ತಟ್ಟುವುದು. ಟಕ್ ಟಕ್. ಎಲ್ಲ ಸರಿ ಅಂತ. ತಮಾಷೆಗೆ ಶುರುವಾದದ್ದು ರೂಢಿಯಾಯಿತು. ಹೊಸಬರು ಉಸಿರೆಳೆದು ಮುಳ್ಳು ನೋಡುತ್ತಿದ್ದರೆ ನಾವು ನಗುತ್ತಿದ್ದೆವು.

ಆವತ್ತು ಅಣ್ಣನ ಬೆನ್ನ ಹಿಂದೆ ನಿಂತಾಗ ಸಿಲಿಂಡರ್ ತೆರೆದಿದೆಯೋ ಇಲ್ಲವೋ ಅಂತ ಅನುಮಾನ ಬಂತು. ಕೇಳಲಿಲ್ಲ. ಕೈ ಹಾಕಿದೆ. ಲಿಫ್ಟಿನ ತಳದ ಹಳ್ಳದಲ್ಲಿ ಎಣ್ಣೆಯ ವಾಲ್ವ್ ಇರುತ್ತದೆ. ಅದನ್ನು ಪೂರ್ತಿ ತೆರೆದು, ಕಚ್ಚಿಕೊಳ್ಳದಿರಲಿ ಅಂತ ಕಾಲು ಸುತ್ತು ಹಿಂದಕ್ಕೆ ಬಿಡುತ್ತೇವೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಅಣ್ಣನೇ ನನ್ನ ಕೈ ಹಿಡಿದು ಕಲಿಸಿದ್ದು. "ಪೂರ್ತಿ ತೆರಿ, ಕಾಲು ಸುತ್ತು ಬಿಡು." ಇಪ್ಪತ್ತು ವರ್ಷ ಅದನ್ನೇ ಮಾಡಿದ ಕೈ. ದೋಣಿಯವನು ಸಿಲಿಂಡರನ್ನು ಮೊದಲೇ ತೆರೆದಿಟ್ಟಿದ್ದ. ನಾನು ನಿಂತ ಕಡೆಯಿಂದ ದಿಕ್ಕು ತಿರುಗಿಹೋಗಿತ್ತು. ತೆರೆಯುತ್ತಿದ್ದೇನೆ ಅಂದುಕೊಂಡು ಮುಚ್ಚಿದೆ. ನಿಲ್ಲುವ ತನಕ ತಿರುಗಿಸಿ, ರೂಢಿಯಂತೆ ಕಾಲು ಸುತ್ತು ಹಿಂದಕ್ಕೆ ಬಿಟ್ಟೆ. ಅಂದರೆ ಕಾಲು ಸುತ್ತು ಮಾತ್ರ ತೆರೆದಿತ್ತು. ಅಣ್ಣ ಎರಡು ಸಲ ಉಸಿರೆಳೆದು ನೋಡಿದರು, ಗಾಳಿ ಬಂತು. ನಾನು ಎರಡು ಸಲ ತಟ್ಟಿದೆ. ಇಳಿದೆವು.

ಹದಿನೆಂಟು ಮೀಟರ್ ಆಳದಲ್ಲಿ ನಾನು ಕ್ಯಾಮೆರಾ ಹಿಡಿದು ಮುಂದೆ ಹೋದೆ. ಬಂಡೆಯ ಸಂದಿಯಲ್ಲಿ ಏನೋ ಕಂಡಿತು. ಎರಡು ನಿಮಿಷ ಇರಬಹುದು, ಮೂರು ಇರಬಹುದು. ತಿರುಗಿದಾಗ ನೀರು ಕದಡಿತ್ತು, ಅಣ್ಣ ಇರಲಿಲ್ಲ. ಮೇಲೆ ಬಂದು ನೋಡಿದೆ, ಇಲ್ಲ. ಮತ್ತೆ ಇಳಿದೆ. ಮರಳಿನ ಮೇಲೆ ಇದ್ದರು.

ಅತ್ತಿಗೆ, ಗಾಳಿ ಸಾಲದೆ ಹೋದಾಗ ಬಾಯಲ್ಲಿರುವ ನಳಿಕೆಯೇ ಉಸಿರಿಗೆ ಅಡ್ಡ ಅಂತ ಅನ್ನಿಸುತ್ತದೆ. ಎಂಥ ಪಳಗಿದವರೂ ಅದನ್ನು ಕಿತ್ತುಬಿಡುತ್ತಾರೆ. ಅಣ್ಣ ಅದನ್ನು ತೆಗೆದದ್ದು ಸಾಯಲಿಕ್ಕಲ್ಲ. ಉಸಿರಾಡಲಿಕ್ಕೆ.

ದೋಣಿಗೆ ಎತ್ತಿದ ಮೇಲೆ ಉಳಿದವರು ಎದೆ ಒತ್ತುತ್ತಿದ್ದರು. ನಾನು ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಡುವಾಗ ವಾಲ್ವ್ ಮುಚ್ಚಲು ಹೋದೆ. ಕಾಲು ಸುತ್ತಿಗೇ ನಿಂತಿತು. ಆಗಲೇ ನನಗೆ ಗೊತ್ತಾಯಿತು. ಅಧಿಕಾರಿಗಳು ಬಂದಾಗ ಅದು ಮುಚ್ಚಿತ್ತು, ಎಲ್ಲರೂ ಮುಚ್ಚುತ್ತಾರೆ, ಅವರಿಗೇನೂ ಅನುಮಾನ ಬರಲಿಲ್ಲ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಇದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನಿಮ್ಮ ಫೋನಿನ ವಿಷಯ ನನಗೆ ಆವತ್ತೇ ಗೊತ್ತಿತ್ತು. ಅಣ್ಣ ಫೋನ್ ಇಟ್ಟು ನಗುತ್ತ ಬಂದರು. "ಮೂವತ್ತು ಪೆಟ್ಟಿಗೆ ಕಟ್ಟಿದಾಳಂತೆ ಮಾರಾಯ. ಊರಿಗೆ ಹೋದ್ಮೇಲೆ ಹೊರೋಕೆ ನೀನೂ ಬರ್ಬೇಕು, ಇಲ್ಲಾಂದ್ರೆ ನನ್ನನ್ನ ಮನೆಯೊಳಗೆ ಸೇರಿಸಲ್ಲ" ಅಂದರು. ಇಷ್ಟೇ ಅಂದದ್ದು.

ಇನ್ನೊಂದಿದೆ. ಮಣ್ಣು ಮಾಡಿ ಬಂದ ದಿನ ಮಗಳು ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, "ಚಿಕ್ಕಪ್ಪ, ಅಪ್ಪ ಬೇಕೂಂತಲೇ ಮಾಡ್ಕೊಂಡ್ರಾ?" ಅಂತ ಕೇಳಿದಳು. "ಗೊತ್ತಿಲ್ಲಮ್ಮ" ಅಂದೆ.

ಅಧಿಕಾರಿಗಳಿಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ನೀವು ಏನು ಹೇಳಿದರೂ ಕೇಳುತ್ತೇನೆ. ಕ್ಷಮಿಸಿ ಅಂತ ಕೇಳುವ ಮುಖ ಇಲ್ಲ. ಆದರೂ ಕೇಳುತ್ತಿದ್ದೇನೆ.

ಜೋಡಿ ಅಂತ ಸಹಿ ಹಾಕಲಾರೆ.


ಏಪ್ರಿಲ್ 10

ನಿಮಗೆ,

ಪತ್ರವನ್ನು ಬಾಗಿಲಲ್ಲಿ ನಿಂತೇ ಓದಿದೆ. ಓದಿ ಮುಗಿಸಿ ಅಲ್ಲೇ ಕೂತೆ. ಮೇಲಿನ ಮನೆಯಾಕೆ ಇಳಿದು ಬಂದು "ಯಾಕ್ರೀ, ಹುಷಾರಿಲ್ವಾ?" ಅಂದಳು. "ನಮ್ಮೆಜಮಾನ್ರು ಮನೆಗೆ ಬರೋರಿದ್ರಂತೆ" ಅಂದೆ. ಅವಳು ಗಾಬರಿಯಾಗಿ ನೀರು ತಂದುಕೊಟ್ಟಳು.

ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಅತ್ತೆ. ದುಃಖಕ್ಕಿಂತ ಹೆಚ್ಚಾಗಿ ಹಗುರಾಗಿ ಅತ್ತೆ. ಗಂಡ ಹೇಗೆ ಸತ್ತ ಅಂತ ತಿಳಿದು ಒಬ್ಬ ಹೆಂಗಸು ಹಗುರಾಗುತ್ತಾಳೆ ಅಂದರೆ ಅವಳು ಎಂಥ ಜಾಗದಲ್ಲಿ ಬಿದ್ದಿದ್ದಳು ಅಂತ ಯೋಚನೆ ಮಾಡಿ. ಮೂರನೆಯ ದಿನ ಸಿಟ್ಟು ಬಂತು. ಈಗ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಕೈ ತಪ್ಪಿತು ಅಂದಿರಿ. ಒಪ್ಪಿದೆ. ನಾನೂ ಕೈಯಿಂದ ಕೆಲಸ ಮಾಡುವವಳು. ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿದ್ದುಂಟು. ನೀವು ವಾಲ್ವ್ ಮುಚ್ಚಿದ್ದು ತಪ್ಪಿ. ಬಾಯಿ ಮುಚ್ಚಿದ್ದು ತಪ್ಪಿ ಅಲ್ಲ.

ನನ್ನ ಮಗು ನಿಮ್ಮನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿತು. ಆವತ್ತು "ಇಲ್ಲಮ್ಮ" ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಕಾರಣ ಹೇಳಬೇಕಾಗಿರಲಿಲ್ಲ. ನಿಮ್ಮ ಗುಟ್ಟು ನಿಮ್ಮ ಹತ್ತಿರವೇ ಇರುತ್ತಿತ್ತು, ನನ್ನ ಮಗಳು ನನ್ನ ಹತ್ತಿರ ಇರುತ್ತಿದ್ದಳು. ಹೋಗಲಿ, ಆಗ ನಿಮಗೆ ಭಯ. ಜನವರಿ ಒಂಬತ್ತಕ್ಕೆ ನಾನು ಕೇಳಿದೆ. ನೀವು ಬ್ಯಾಗಿನ ತೂಕ ಬರೆದಿರಿ. ಫೆಬ್ರವರಿಯಲ್ಲಿ ಹೊಟ್ಟೆ ಬಗೆದು ಬರೆದೆ. ಕೋಣೆ ದೋಣಿಕಟ್ಟೆಯ ಹತ್ತಿರ ಇರಲಿ ಅಂದಿರಿ. ನಾನು ಅದನ್ನೆಲ್ಲ ಗುರುತು ಹಾಕಿಕೊಂಡು, ಹೇಳಿದಂತೆಲ್ಲ ಮಾಡಿಕೊಂಡು ಕೂತಿದ್ದೆ.

ಸಮುದ್ರಕ್ಕೆ ಹೋಗುವುದಿಲ್ಲ. ಕೇಳಬೇಕಾದ್ದು ಅಲ್ಲಿರಲಿಲ್ಲ. ಎರಡೂ ಟಿಕೆಟ್ ರದ್ದು ಮಾಡಿಸಿದೆ.

ನಿಮ್ಮಿಂದ ಆಗಬೇಕಾದ್ದು ಒಂದು. ನನಗೆ ಬರೆದದ್ದನ್ನೆಲ್ಲ ಮಗಳಿಗೆ ಬರೆಯಿರಿ. ನಿಮ್ಮ ಕೈಯಿಂದ, ಒಂದು ಮಾತೂ ಬಿಡದೆ. ಮೆಟ್ಟಿಲ ಹತ್ತಿರದ್ದನ್ನೂ ಬಿಡಬೇಡಿ. ನಾನು ಹೇಳಿದರೆ ಅವಳು ನಂಬುವುದಿಲ್ಲ, ನನ್ನನ್ನು ನಾನು ಬಿಡಿಸಿಕೊಳ್ಳುತ್ತಿದ್ದೇನೆ ಅಂದುಕೊಳ್ಳುತ್ತಾಳೆ. ವಿಳಾಸ ಕೆಳಗಿದೆ.

ಅವಳ ತಾಯಿ


ಏಪ್ರಿಲ್ 18

ಅತ್ತಿಗೆ,

ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ನಾಲ್ಕು ಸಲ ಹರಿದು ಐದನೆಯ ಸಲ ಬರೆದದ್ದು. ಏನೂ ಬಿಟ್ಟಿಲ್ಲ. ಪತ್ರ ಸಿಕ್ಕಿತೆಂದು ಅವಳು ಹಾಕಿದ ಸಹಿ ನಿನ್ನೆ ನನಗೆ ಬಂತು. ಅಣ್ಣನ ಅಕ್ಷರದ ಹಾಗೇ ಇದೆ.

ಒಂದೇ ಒಂದು ಸಲ ತಿಳಿಸಿ, ಅವಳು ಬಂದಳೇ?


ಮೇ 19

ನಿಮಗೆ,

ತಿಂಗಳು ಕಾದಿದ್ದೀರಿ. ಕಾಯುವುದು ಹೇಗಿರುತ್ತದೆ ಅಂತ ಸ್ವಲ್ಪ ತಿಳಿಯಲಿ ಅಂತಲೇ ಸುಮ್ಮನಿದ್ದೆ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ಬಂದಳು. ಮೊನ್ನೆ ಮಧ್ಯಾಹ್ನದ ಬಸ್ಸಿಗೆ, ಒಬ್ಬಳೇ, ಹೆಗಲಿಗೊಂದು ಚೀಲ. ಈ ಮನೆಗೆ ಅವಳು ಬಂದದ್ದೇ ಇಲ್ಲ. ವಿಳಾಸ ಹಿಡಿದು, ಮೂರು ಬಾಗಿಲು ತಟ್ಟಿ ಕೇಳಿಕೊಂಡು ಬಂದಳು. ಬಾಗಿಲು ತೆಗೆದಾಗ ಒಂದು ಕ್ಷಣ ಯಾರೋ ಕನ್ನಡಕ ರಿಪೇರಿಗೆ ಮನೆಗೇ ಬಂದಿದ್ದಾರೆ ಅಂದುಕೊಂಡೆ. ನನಗಿಂತ ಎತ್ತರವಾಗಿದ್ದಾಳೆ. ಕೂದಲು ಕತ್ತರಿಸಿದ್ದಾಳೆ. ಹಣೆ ಮಾತ್ರ ಅವರದೇ.

"ಅಮ್ಮಾ, ನಿನ್ನಿಂದ ಅಲ್ಲ" ಅಂದಳು. ಹೊಸ್ತಿಲ ಆಚೆಯೇ ನಿಂತು, ಚೀಲ ಇಳಿಸದೆ. ಇಬ್ಬರೂ ಅತ್ತೆವು. ಈ ಮಾತಿಗಾಗಿ ಮೂರು ವರ್ಷ ಮೈಯೆಲ್ಲ ಕಿವಿಯಾಗಿ ಕಾದಿದ್ದೆ. ಇದನ್ನು ಕೇಳಿದ ಮೇಲೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಅಂದುಕೊಂಡಿದ್ದೆ. ದಡ್ಡಿ ನಾನು.

ನೀರು ಕೊಟ್ಟರೆ "ಥ್ಯಾಂಕ್ಸ್" ಅಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ನಾನು ನೀರು ಕೊಟ್ಟಿದ್ದಕ್ಕೆ. ಚಹಾಕ್ಕೆ ಸಕ್ಕರೆ ಎಷ್ಟು ಅಂತ ಕೇಳಬೇಕಾಯಿತು. ಸಕ್ಕರೆ ಬಿಟ್ಟು ಎರಡು ವರ್ಷವಾಯಿತಂತೆ. ತನ್ನ ತಟ್ಟೆ ತಾನೇ ತೊಳೆದು ಒರೆಸಿ, ಎಲ್ಲಿಡಬೇಕು ಅಂತ ಕೇಳಿ ಇಟ್ಟಳು. ಒಂದು ಸಲ ಮಂಡಿಯ ಆಪರೇಷನ್ ಆಗಿತ್ತಂತೆ, ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳಂತೆ. ನನಗೆ ಹೇಳಬೇಡ ಅಂತ ಅತ್ತೆಯ ಹತ್ತಿರ ಆಣೆ ಹಾಕಿಸಿಕೊಂಡಿದ್ದಳಂತೆ. ಇದನ್ನೆಲ್ಲ ಯಾರದೋ ಸುದ್ದಿ ಹೇಳುವಷ್ಟು ಮರ್ಯಾದೆಯಿಂದ ಹೇಳಿದಳು. ನಾನೂ ಮರ್ಯಾದೆಯಿಂದ ಕೇಳಿದೆ.

ನಿಮ್ಮ ಬಗ್ಗೆ ಒಂದೇ ಮಾತು ಆಡಿದಳು. "ಚಿಕ್ಕಪ್ಪನ ಮೇಲೆ ಸಿಟ್ಟು ಬರ್ತಿಲ್ಲಮ್ಮ. ನನ್ನ ಮೇಲೇ ಬರ್ತಿದೆ" ಅಂದಳು. ಅದನ್ನೂ ಹೊತ್ತುಕೊಳ್ಳಿ. ನಾನು ಹೊತ್ತದ್ದನ್ನು ಈಗ ಅವಳು ಹೊತ್ತಿದ್ದಾಳೆ.

ಕ್ಷಮಿಸಿ ಅಂತ ಕೇಳಿದ್ದಿರಿ. ಅವರ ಸಾವಿಗೆ ಕ್ಷಮಿಸಿದ್ದೇನೆ. ಬಾಯಿಮಾತಲ್ಲ, ನಿಜವಾಗಿಯೂ. ಅವರಿದ್ದಿದ್ದರೆ ಅವರೂ ಅದನ್ನೇ ಮಾಡುತ್ತಿದ್ದರು, ನಿಮ್ಮ ಬೆನ್ನಿಗೊಂದು ಗುದ್ದಿ. ಆದರೆ ಹದಿನಾರು ವರ್ಷದವಳು ಹೋದಳು, ಹತ್ತೊಂಬತ್ತು ವರ್ಷದವಳು ಬಂದಿದ್ದಾಳೆ, ಅವಳನ್ನು ನಾನು ಸಾಕಿಲ್ಲ. ನಡುವಿನ ಮೂರು ವರ್ಷ ನಿಮ್ಮ ಹತ್ತಿರ ಇವೆ. ಅವಕ್ಕೆ ನನ್ನಲ್ಲಿ ಕ್ಷಮೆ ಇಲ್ಲ. ಇನ್ನು ಬರೆಯಬೇಡಿ.

ಇವತ್ತು ಬೆಳಿಗ್ಗೆ ಅವಳು ಚೀಲ ಮಡಿಲಲ್ಲಿಟ್ಟುಕೊಂಡು, "ಸಂಜೆ ಬಸ್ಸಿಗೆ ಹೊರಡ್ಲಾ, ಅಥ್ವಾ ಇನ್ನೂ ಎರಡು ದಿನ ಇದ್ರೆ ನಿಂಗೆ ತೊಂದ್ರೆಯಾಗುತ್ತಾ?" ಅಂತ ಕೇಳಿದಳು. "ಇರು" ಅಂದೆ. ಇದ್ದಾಳೆ. ಊಟವಾದ ಮೇಲೆ ಒಳಗೆ ಹೋಗಿ ಕದ ಹಾಕಿಕೊಂಡಳು. ಅಳುತ್ತಿದ್ದಾಳೋ ಮಲಗಿದ್ದಾಳೋ ತಿಳಿಯುತ್ತಿಲ್ಲ. ಅರ್ಧ ಗಂಟೆಯಿಂದ ಈ ಪತ್ರ ಬರೆಯುವ ನೆಪದಲ್ಲಿ ಇಲ್ಲಿ ಕೂತಿದ್ದೇನೆ. ಕದ ತಟ್ಟಿದರೆ ಅವಳಿಗೆ ಬೇಸರವಾಗುತ್ತದೋ ಏನೋ, ನನಗೆ ಗೊತ್ತಿಲ್ಲ.

ಅವಳ ತಾಯಿ